ಗೀಸರು ಸೋರುವುದೇಕೆ?

ಮಂಗಳೂರಿನ ಹಳೆಯ ಹೆಂಚಿನ ಮನೆಗಳಲ್ಲಿ ಬಚ್ಚಲುಮನೆಯೆಂದರೆ ಒಂದು ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಕಟ್ಟಿ ಕೂರಿಸಿದ ತಾಮ್ರದ ಹಂಡೆ, ಪಕ್ಕದಲ್ಲಿ ಒಣಗಿದ ಮಡಲು ಮತ್ತು ಗೆರಟೆಗಳ ರಾಶಿ. ಆ ಹಂಡೆ ಸೋರಿದರೆ ಕಾರಣವನ್ನು ಹುಡುಕುವುದಕ್ಕೆ ಯಾರೂ ಕಷ್ಟಪಡಬೇಕಾಗಿರಲಿಲ್ಲ. ತಳದಲ್ಲಿ ತೂತು ಬಿದ್ದಿದೆಯೆಂದೇ ಅದರ ಅರ್ಥ. ಬೆಸುಗೆ ಹಾಕಿಸಿದರೆ ಮುಗಿಯಿತು. ಇಂದು ಆ ಹಂಡೆಯ ಸ್ಥಾನವನ್ನು ಗೋಡೆಗೆ ತೂಗುಹಾಕಿದ ವಿದ್ಯುತ್ ಗೀಸರು ಆಕ್ರಮಿಸಿದೆ. ಇದರ ಕೆಳಗೆ ನೀರಿನ ಹನಿ ಕಾಣಿಸಿಕೊಂಡಾಗ ಕಾರಣವು ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಐದಾರು ಬೇರೆ ಬೇರೆ ಕಾರಣಗಳಿಂದ ಒಂದೇ ಬಗೆಯ ಹನಿ ಬೀಳಬಹುದು. ಅವುಗಳಲ್ಲಿ ಒಂದು, ಯಂತ್ರವು ಸರಿಯಾಗಿ ಕೆಲಸ ಮಾಡುತ್ತಿದೆಯೆಂಬುದಕ್ಕೆ ಸಾಕ್ಷಿ. ಮತ್ತೊಂದು, ಪ್ರಾಣಾಪಾಯದ ಮುನ್ಸೂಚನೆ. ಇವೆರಡನ್ನೂ ಒಂದೇ ಎಂದೆಣಿಸಿ ಮೊದಲನೆಯದನ್ನು ನಿಲ್ಲಿಸಲು ಹೋಗಿ ಎರಡನೆಯದನ್ನು ತಂದುಕೊಳ್ಳುವ ಸಂಭವ ಉಂಟಾದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ವಿಚಾರಮಾಡೋಣ.

'ಗೀಸರ್' ಎಂಬ ಹೆಸರು ಬಂದುದು ಐಸ್‌ಲೆಂಡ್ ದ್ವೀಪದಿಂದ. ಅಲ್ಲಿ ನೆಲದೊಳಗಿಂದ ಬಿಸಿನೀರನ್ನು ಆಗಾಗ ಆಕಾಶಕ್ಕೆ ಚಿಮ್ಮಿಸುತ್ತಿದ್ದ ಬುಗ್ಗೆಯೊಂದಕ್ಕೆ 'ಗೇಸಿರ್' ಎಂದು ಹೆಸರು. ೧೮೬೮ರಲ್ಲಿ ಲಂಡನ್ನಿನ ಬೆಂಜಮಿನ್ ಮಾಘನ್ ಎಂಬಾತನು ಅನಿಲವನ್ನುರಿಸಿ ಸ್ನಾನಕ್ಕೆ ನೀರು ಕಾಯಿಸುವ ಯಂತ್ರವೊಂದನ್ನು ರಚಿಸಿ ಅದಕ್ಕೆ ಈ ಹೆಸರನ್ನೇ ಇಟ್ಟನು. ಯಂತ್ರಗಳು ಬದಲಾದರೂ ಹೆಸರು ಮಾತ್ರ ನಮ್ಮಲ್ಲಿ ಉಳಿದುಕೊಂಡಿತು.

ಹಂಡೆಗೂ ಗೀಸರಿಗೂ ಇರುವ ಮುಖ್ಯ ವ್ಯತ್ಯಾಸ ಸೌದೆ ಮತ್ತು ವಿದ್ಯುತ್ತಿನದಲ್ಲ. ಹಂಡೆಯ ಬಾಯಿ ತೆರೆದಿರುತ್ತದೆ. ಗೀಸರಿನ ಪಾತ್ರೆ ಮುಚ್ಚಿರುತ್ತದೆ. ಹಂಡೆಯೊಳಗಿನ ನೀರು ಕಾದು ಹಿಗ್ಗಿದರೆ ಅದರ ಮಟ್ಟ ಒಂದು ಬೆರಳಷ್ಟು ಏರುತ್ತದೆ, ಅಷ್ಟೆ. ಗೀಸರಿನಲ್ಲಿ ಹಾಗೆ ಏರಲು ಸ್ಥಳವಿಲ್ಲ. ಅದರ ಸೋರಿಕೆಯ ಸಮಸ್ಯೆಗಳಲ್ಲಿ ಹಲವು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಪರೀಕ್ಷೆಗೆ ಮೊದಲು

ಸೋರುವ ಗೀಸರನ್ನು ಕಂಡೊಡನೆ ಮಾಡಬೇಕಾದ ಮೊದಲ ಕೆಲಸ ವಿದ್ಯುತ್ತನ್ನು ನಿಲ್ಲಿಸುವುದು. ಗೀಸರಿನ ಸ್ವಿಚ್ಚನ್ನು ಮಾತ್ರವಲ್ಲ, ಆ ತಂತಿಗೆ ಸಂಬಂಧಿಸಿದ ಮುಖ್ಯ ಸ್ವಿಚ್ಚನ್ನೂ ಒಣಗಿದ ಕೈಯಿಂದ ಆರಿಸಬೇಕು. ಹೊರಕವಚವನ್ನು ಬಿಚ್ಚುವುದು ವಿದ್ಯಾರ್ಥಿಗಳ ಕೆಲಸವಲ್ಲ, ತರಬೇತಿ ಪಡೆದವರ ಕೆಲಸ. ನಮ್ಮ ಪರೀಕ್ಷೆಗೆ ಕಣ್ಣು, ಒಂದು ಒಣಬಟ್ಟೆ, ಒಂದು ಅಳತೆಯ ಲೋಟ ಮತ್ತು ಒಂದು ಗಡಿಯಾರ ಇಷ್ಟು ಸಾಕು.

ಇವುಗಳ ಸಹಾಯದಿಂದ ನಾವು ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು. ನೀರು ಎಲ್ಲಿಂದ ಬರುತ್ತಿದೆ? ಯಾವಾಗ ಬರುತ್ತಿದೆ? ಎಷ್ಟು ಬರುತ್ತಿದೆ? ಮೊದಲನೆಯದಕ್ಕೆ ಉತ್ತರ ಹೇಳುವಾಗ ಒಂದು ಎಚ್ಚರಿಕೆ ಅವಶ್ಯ. ಗೀಸರಿನ ಒಳಪಾತ್ರೆಗೂ ಹೊರಕವಚಕ್ಕೂ ನಡುವೆ ಶಾಖವನ್ನು ತಡೆಯುವ ಹಗುರವಾದ ಪದಾರ್ಥವನ್ನು ತುಂಬಿರುತ್ತಾರೆ. ಪಾತ್ರೆಯ ಮೇಲ್ಭಾಗದಲ್ಲಿ ಒಸರಿದ ನೀರು ಈ ಪದರದ ಸಂದುಗಳಲ್ಲಿ ಇಳಿದು ತಳದ ಯಾವುದೋ ರಂಧ್ರದಿಂದ ಹೊರಬೀಳಬಹುದು. ಮಳೆಗಾಲದಲ್ಲಿ ಒಡೆದ ಹೆಂಚು ಒಂದೆಡೆಯಿದ್ದರೆ ನೀರು ತೊಟ್ಟಿಕ್ಕುವುದು ಇನ್ನೊಂದೆಡೆ ಎಂಬುದು ನಮ್ಮವರಿಗೆಲ್ಲ ತಿಳಿದ ಸಂಗತಿ. ಆದುದರಿಂದ ಹನಿ ಬೀಳುವ ಸ್ಥಳವೇ ಹನಿ ಹುಟ್ಟುವ ಸ್ಥಳವೆಂದು ತಿಳಿಯಬಾರದು.

ಸೋರಿಕೆಯೇ, ಇಬ್ಬನಿಯೇ?

ಕೆಲವು ವೇಳೆ ಗೀಸರು ಸೋರುತ್ತಲೇ ಇರುವುದಿಲ್ಲ. ಗಾಳಿಯಲ್ಲಿರುವ ನೀರಾವಿ ತಣ್ಣನೆಯ ಮೈಯನ್ನು ಮುಟ್ಟಿ ಹನಿಗಟ್ಟಿರುತ್ತದೆ. ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರು ಗಾಳಿಯು ಹೆಚ್ಚೆಂದರೆ ಸುಮಾರು ೩೦ ಗ್ರಾಂ ನೀರಾವಿಯನ್ನು ಹಿಡಿದಿರಬಲ್ಲದು. ೨೬ ಡಿಗ್ರಿಯಲ್ಲಿ ಸುಮಾರು ೨೪ ಗ್ರಾಂ ಮಾತ್ರ. ಬಿಸಿನೀರಿನ ಸ್ನಾನ ಮುಗಿದಾಗ ಕೋಣೆಯ ಗಾಳಿ ೩೦ ಡಿಗ್ರಿಯಲ್ಲಿದ್ದು ನೀರಾವಿಯಿಂದ ಪೂರ್ತಿಯಾಗಿ ತುಂಬಿದೆಯೆಂದು ಭಾವಿಸಿರಿ. ಮೇಲಿನ ತೊಟ್ಟಿಯಿಂದ ಇಳಿದುಬರುವ ನಳದೊಳಗೆ ೨೬ ಡಿಗ್ರಿಯ ನೀರಿದೆ. ಆ ನಳವನ್ನು ಮುಟ್ಟಿ ತಣಿದ ಪ್ರತಿಯೊಂದು ಘನಮೀಟರು ಗಾಳಿಯೂ ೬ ಗ್ರಾಂ ನೀರನ್ನು ಅಲ್ಲಿ ಬಿಡಬೇಕಾಗುತ್ತದೆ. ಕಿಟಕಿ ಮುಚ್ಚಿದ ಚಿಕ್ಕ ಸ್ನಾನದ ಕೋಣೆಯಲ್ಲಿ ಎಂಟು ಒಂಬತ್ತು ಘನಮೀಟರು ಗಾಳಿಯಿರುವುದರಿಂದ ಈ ಲೆಕ್ಕದಲ್ಲಿ ಸುಮಾರು ೫೦ ಗ್ರಾಂ ನೀರು ನಳ ಮತ್ತು ಗೋಡೆಗಳ ಮೇಲೆ ಕಾಣಿಸಿಕೊಳ್ಳಬಹುದು. ಮಂಗಳೂರಿನಂಥ ಕಡಲ ತೀರದ ಊರಿನಲ್ಲಿ, ಅದರಲ್ಲೂ ಆಷಾಢದ ದಿನಗಳಲ್ಲಿ, ಗಾಳಿಯು ಮೊದಲೇ ತೇವದಿಂದ ತುಂಬಿರುವುದರಿಂದ ಇದು ಅಪರೂಪವಲ್ಲ.

ಇದನ್ನು ಗುರುತಿಸುವುದು ಸುಲಭ. ನಳವನ್ನೂ ಕೀಲುಗಳನ್ನೂ ಒಣಬಟ್ಟೆಯಿಂದ ಚೆನ್ನಾಗಿ ಒರಸಿ, ಅವುಗಳ ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿರಿ. ಇಬ್ಬನಿಯಾದರೆ ಪುಡಿಯು ಎಲ್ಲೆಡೆಯೂ ಸಮನಾಗಿ ತೇವಗೊಳ್ಳುತ್ತದೆ. ಸೋರಿಕೆಯಾದರೆ ಒಂದು ಬಿಂದುವಿನಿಂದ ಹೊರಟ ಗೆರೆಯಂತೆ ತೇವವು ಕೆಳಕ್ಕೆ ಇಳಿಯುತ್ತದೆ. ಇಬ್ಬನಿಯೆಂದು ಖಚಿತವಾದರೆ ಬೇಕಾದ ದುರಸ್ತಿ ಕಿಟಕಿಯನ್ನು ತೆರೆಯುವುದು ಮಾತ್ರ.

ಕಾಯುವಾಗ ಮಾತ್ರ ಬೀಳುವ ಹನಿ

ಗೀಸರು ತಣ್ಣಗಿರುವಾಗ ಹನಿಯಿಲ್ಲ. ಸ್ವಿಚ್ಚು ಹಾಕಿದ ಕೆಲವು ನಿಮಿಷಗಳಲ್ಲಿ ಕೆಳಗಿನ ಕವಾಟದಿಂದ ತಟತಟನೆ ನೀರು ಬೀಳಲು ತೊಡಗುತ್ತದೆ. ನೀರು ಕಾದು ದೀಪವಾರಿದೊಡನೆ ಹನಿಯೂ ನಿಲ್ಲುತ್ತದೆ. ಹೀಗಿದ್ದರೆ ಭಯಪಡಬೇಕಾಗಿಲ್ಲ. ಇದೇಕೆಂಬುದನ್ನು ಲೆಕ್ಕಮಾಡಿ ನೋಡೋಣ.

೨೫ ಡಿಗ್ರಿಯಲ್ಲಿ ೧,೦೦೦ ಮಿಲಿಲೀಟರು ಇರುವ ನೀರನ್ನು ೬೫ ಡಿಗ್ರಿಗೆ ಕಾಯಿಸಿದರೆ ಅದು ಸುಮಾರು ೧,೦೧೭ ಮಿಲಿಲೀಟರು ಆಗುತ್ತದೆ. ಹಾಗಾದರೆ ೨೫ ಲೀಟರಿನ ಗೀಸರಿನಲ್ಲಿ ನೀರು ಸುಮಾರು ೪೨೦ ಮಿಲಿಲೀಟರು ಹಿಗ್ಗುತ್ತದೆ. ಪಾತ್ರೆಯ ಉಕ್ಕೂ ತುಸು ಹಿಗ್ಗುವುದರಿಂದ ಅದನ್ನು ಕಳೆದು, ಹೊರಹೋಗಬೇಕಾದ ನೀರನ್ನು ಸುಮಾರು ೪೦೦ ಮಿಲಿಲೀಟರು ಎನ್ನಬಹುದು. ಈ ನೀರು ಎಲ್ಲಿಗೆ ಹೋಗಬೇಕು? ಮೇಲಿನ ತೊಟ್ಟಿಗೆ ದಾರಿ ತೆರೆದಿದ್ದರೆ ಹಿಂದಕ್ಕೆ ಅಲ್ಲಿಗೇ ಹೋಗುತ್ತದೆ. ಆದರೆ ಬಿಸಿನೀರು ಹಿಂದಕ್ಕೆ ಹರಿದು ತಣ್ಣೀರಿನಲ್ಲಿ ಬೆರೆಯದಂತೆ ಒಳಬರುವ ನಳದಲ್ಲಿ ಏಕಮುಖ ಕವಾಟವನ್ನು ಜೋಡಿಸಿರುತ್ತಾರೆ. ಆಗ ಹಿಂದಿನ ದಾರಿ ಮುಚ್ಚುತ್ತದೆ. ನಲ್ಲಿಯೂ ಮುಚ್ಚಿರುವಾಗ ಉಳಿಯುವುದು ಸುರಕ್ಷಾ ಕವಾಟದ ದಾರಿ ಒಂದೇ. ಒಳಗಿನ ಒತ್ತಡವು ಗೊತ್ತುಪಡಿಸಿದ ಮಿತಿಯನ್ನು ಮುಟ್ಟಿದಾಗ ಕವಾಟದ ಸುರುಳಿಬಿಲ್ಲು ಸ್ವಲ್ಪ ಕುಗ್ಗಿ, ಒಂದೊಂದೇ ಹನಿಯನ್ನು ಹೊರಬಿಡುತ್ತದೆ. ಬಹುಮಹಡಿ ಕಟ್ಟಡಗಳಿಗೆಂದು ಮಾರುವ ಹಲವು ಗೀಸರುಗಳಲ್ಲಿ ಈ ಮಿತಿ ೮ ಬಾರ್, ಎಂದರೆ ವಾಯುಮಂಡಲದ ಒತ್ತಡದ ಸುಮಾರು ಎಂಟರಷ್ಟು.

೨,೦೦೦ ವಾಟಿನ ಗೀಸರು ೨೫ ಲೀಟರು ನೀರನ್ನು ೪೦ ಡಿಗ್ರಿಗಳಷ್ಟು ಏರಿಸಲು ಸುಮಾರು ೩೫ ನಿಮಿಷ ತೆಗೆದುಕೊಳ್ಳುತ್ತದೆ. ಒಂದು ಮಿಲಿಲೀಟರಿಗೆ ೨೦ ಹನಿಗಳೆಂದು ಹಿಡಿದರೆ ೪೦೦ ಮಿಲಿಲೀಟರಿಗೆ ೮,೦೦೦ ಹನಿಗಳು. ಇವು ೩೫ ನಿಮಿಷಗಳಲ್ಲಿ ಬೀಳಬೇಕಾದರೆ ಸೆಕೆಂಡಿಗೆ ಸುಮಾರು ನಾಲ್ಕು ಹನಿಗಳು! ನೋಡುವವನಿಗೆ ಇದು ದೊಡ್ಡ ಸೋರಿಕೆಯಂತೆಯೇ ಕಾಣುವುದು ಸಹಜ. ಆದರೆ ಹನಿಗಳನ್ನು ಲೋಟದಲ್ಲಿ ಹಿಡಿದು ಅಳೆದು, ಅದು ಲೆಕ್ಕದ ಮಿತಿಯೊಳಗಿದ್ದು ಕಾಯುವಿಕೆಯೊಡನೆ ನಿಲ್ಲುವುದಾದರೆ, ಅದು ರೋಗವಲ್ಲ, ಆರೋಗ್ಯದ ಲಕ್ಷಣ.

ಇಂಥ ಹನಿಯನ್ನು ನಿಲ್ಲಿಸಲೆಂದು ಕವಾಟದ ಬಾಯಿಗೆ ಬೆಣೆ ಹೊಡೆಯುವವರೂ, ಕವಾಟವನ್ನೇ ಕಿತ್ತು ಮುಚ್ಚಳ ಹಾಕುವವರೂ ಉಂಟು. ಇದರ ಪರಿಣಾಮವೇನು? ನೀರು ಬಹಳ ಮಟ್ಟಿಗೆ ಕುಗ್ಗಿಸಲಾಗದ ದ್ರವ. ಅದನ್ನು ನೂರಕ್ಕೆ ಒಂದೂವರೆ ಭಾಗದಷ್ಟು ಕುಗ್ಗಿಸಬೇಕಾದರೆ ವಾಯುಮಂಡಲದ ಒತ್ತಡದ ಮುನ್ನೂರರಷ್ಟಕ್ಕೂ ಮಿಗಿಲಾದ ಒತ್ತಡ ಬೇಕು. ಯಾವ ಮನೆಯ ಗೀಸರೂ ಅಷ್ಟನ್ನು ತಾಳಲಾರದು. ಅದಕ್ಕೆ ಬಹಳ ಮೊದಲೇ ಕೀಲುಗಳು ಬಿರಿಯುತ್ತವೆ ಅಥವಾ ಪಾತ್ರೆ ಉಬ್ಬುತ್ತದೆ.

ಇದರೊಡನೆ ಉಷ್ಣತೆಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟೂ ಕೆಟ್ಟರೆ ಪರಿಸ್ಥಿತಿ ಮತ್ತೂ ಭಯಂಕರವಾಗುತ್ತದೆ. ಒತ್ತಡವು ಎಂಟರಷ್ಟಾದಾಗ ನೀರು ಕುದಿಯುವುದು ನೂರು ಡಿಗ್ರಿಯಲ್ಲಲ್ಲ, ಸುಮಾರು ೧೭೦ ಡಿಗ್ರಿಯಲ್ಲಿ. ಅಷ್ಟು ಕಾದ ನೀರಿರುವ ಪಾತ್ರೆ ಒಡೆದರೆ ಒತ್ತಡ ಒಮ್ಮೆಲೇ ಇಳಿದು, ನೀರಿನ ಸುಮಾರು ಎಂಟನೆಯ ಒಂದು ಭಾಗ ಕ್ಷಣಾರ್ಧದಲ್ಲಿ ಹಬೆಯಾಗುತ್ತದೆ. ೨೫ ಲೀಟರಿನಲ್ಲಿ ಅದು ಮೂರು ಕಿಲೋಗ್ರಾಂ. ಅದು ಆಕ್ರಮಿಸುವ ಸ್ಥಳ ಐದು ಘನಮೀಟರು, ಎಂದರೆ ಚಿಕ್ಕ ಸ್ನಾನದ ಕೋಣೆಯ ಅರ್ಧಕ್ಕಿಂತ ಹೆಚ್ಚು. ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸುವ ಈ ಅಪಾಯವನ್ನು ಡೆನಿಸ್ ಪಪಾಂ ಎಂಬ ಫ್ರೆಂಚ್ ವಿಜ್ಞಾನಿ ೧೭ನೆಯ ಶತಮಾನದಲ್ಲಿಯೇ ಅರಿತು, ತನ್ನ ಹಬೆಯ ಪಾತ್ರೆಗೆ ಸುರಕ್ಷಾ ಕವಾಟವನ್ನು ಅಳವಡಿಸಿದನು. ನಮ್ಮ ಅಡಿಗೆಮನೆಯ ಕುಕ್ಕರಿನ ತೂಕದ ಕವಾಟವೂ ಗೀಸರಿನ ಕವಾಟವೂ ಅದರ ವಂಶಸ್ಥರೇ. ಅವುಗಳ ಬಾಯನ್ನು ಎಂದಿಗೂ ಕಟ್ಟಬಾರದು.

ಸದಾ ಬೀಳುವ ಹನಿ

ಗೀಸರು ತಣ್ಣಗಿರುವಾಗಲೂ ಹನಿ ನಿಲ್ಲದಿದ್ದರೆ ಹಿಗ್ಗುವಿಕೆಯನ್ನು ದೂರುವಂತಿಲ್ಲ. ಆಗ ವಿದ್ಯುತ್ತನ್ನು ಆರಿಸಿ, ನೀರು ತಣಿದ ಮೇಲೆ, ಗೀಸರಿಗೆ ನೀರು ಬರುವ ನಳದ ಕವಾಟವನ್ನು ಮುಚ್ಚಿ, ಬಿಸಿನೀರಿನ ನಲ್ಲಿಯನ್ನು ತೆರೆದುಬಿಡಿರಿ. ಈಗ ತೊಟ್ಟಿಯ ನೀರಿನ ಒತ್ತಡ ಪಾತ್ರೆಯ ಮೇಲೆ ಇರುವುದಿಲ್ಲ. ಹನಿಯು ನಿಂತುಹೋದರೆ ದೋಷವಿರುವುದು ಸುರಕ್ಷಾ ಕವಾಟದಲ್ಲಿ ಅಥವಾ ಮೇಲ್ಭಾಗದ ಕೀಲಿನಲ್ಲಿ. ನಿಧಾನವಾಗಿಯಾದರೂ ಹನಿ ಬೀಳುತ್ತಲೇ ಇದ್ದರೆ, ಒಳಗೆ ನಿಂತ ನೀರೇ ತನ್ನ ಭಾರದಿಂದ ಕೆಳಗಿನ ತೂತನ್ನು ಹುಡುಕಿಕೊಂಡು ಬರುತ್ತಿದೆಯೆಂದು ತಿಳಿಯಬೇಕು. ಆಗ ಸಂಶಯವು ಪಾತ್ರೆಯ ತಳದ ಮೇಲೆ ಅಥವಾ ಅಲ್ಲಿನ ರಬ್ಬರಿನ ಉಂಗುರದ ಮೇಲೆ ಬೀಳುತ್ತದೆ. ಮುಚ್ಚಿದ ಕವಾಟಕ್ಕಿಂತಲೂ ಮೇಲೆಯೇ ನಳ ಸೋರುತ್ತಿದ್ದರೆ ಈ ಪರೀಕ್ಷೆಯಿಂದ ಅದರಲ್ಲಿ ಬದಲಾವಣೆ ಕಾಣದು.

ಸುರಕ್ಷಾ ಕವಾಟ ಸದಾ ಸೋರಲು ಸಾಮಾನ್ಯವಾಗಿ ಎರಡು ಕಾರಣಗಳು. ಒಂದು, ಅದರ ಆಸನದಲ್ಲಿ ಮರಳಿನ ಕಣವೋ ಕೆಂಪು ಮಣ್ಣೋ ಸಿಕ್ಕಿಕೊಂಡು ಮುಚ್ಚಳ ಪೂರ್ತಿ ಕೂರದಿರುವುದು. ಕವಾಟಕ್ಕೆ ಸನ್ನೆಯಿದ್ದಲ್ಲಿ, ನೀರು ತಣ್ಣಗಿರುವಾಗ ಅದನ್ನು ಒಂದೆರಡು ಸಲ ಎತ್ತಿಬಿಟ್ಟರೆ ರಭಸದಿಂದ ಹರಿಯುವ ನೀರು ಕಸವನ್ನು ತೊಳೆದೊಯ್ಯಬಹುದು. ಎರಡು, ನೀರಿನ ಒತ್ತಡವೇ ಅಧಿಕವಾಗಿರುವುದು. ಹತ್ತು ಮೀಟರು ಎತ್ತರದ ನೀರಿನ ಸ್ತಂಭವು ಸುಮಾರು ಒಂದು ಬಾರ್ ಒತ್ತಡವನ್ನು ಕೊಡುತ್ತದೆ. ಹಂಚಿನ ಮನೆಯ ಮೇಲೆ ಮೂರು ಮೀಟರು ಎತ್ತರದಲ್ಲಿ ತೊಟ್ಟಿಯಿದ್ದರೆ ಗೀಸರಿನ ಮೇಲಿನ ಒತ್ತಡ ಬಾರಿನ ಮೂರನೆಯ ಒಂದು ಭಾಗವೂ ಇಲ್ಲ. ಕದ್ರಿ, ಬಿಜೈಗಳಂಥ ಕಡೆ ಎದ್ದಿರುವ ಹನ್ನೆರಡು ಅಂತಸ್ತಿನ ಕಟ್ಟಡದ ನೆಲಮಹಡಿಯಲ್ಲಾದರೆ ಅದು ಮೂರೂವರೆ ಬಾರ್. ಒಂದೇ ತಯಾರಿಕೆಯ ಗೀಸರು ಮೇಲಿನ ಮನೆಯಲ್ಲಿ ಸುಮ್ಮನಿದ್ದು ಕೆಳಗಿನ ಮನೆಯಲ್ಲಿ ಸೋರಿದರೆ ಆಶ್ಚರ್ಯಪಡಬೇಕಾಗಿಲ್ಲ. ಕಡಮೆ ಒತ್ತಡಕ್ಕೆಂದು ತಯಾರಾದ ಗೀಸರನ್ನು ಅಲ್ಲಿ ಕೂರಿಸುವುದು ತಪ್ಪು.

ಕೀಲುಗಳ ಸೋರಿಕೆಗೆ ಕಾರಣ ಬೇರೆ. ಹಿತ್ತಾಳೆ, ಉಕ್ಕು, ಪ್ಲಾಸ್ಟಿಕ್ಕು ಇವು ಕಾದಾಗ ಸಮನಾಗಿ ಹಿಗ್ಗುವುದಿಲ್ಲ. ಹಿತ್ತಾಳೆಯು ಉಕ್ಕಿನ ಸುಮಾರು ಒಂದೂವರೆಯಷ್ಟು ಹಿಗ್ಗುತ್ತದೆ. ಪ್ಲಾಸ್ಟಿಕ್ ನಳಗಳು ಇನ್ನೂ ಹಲವು ಪಾಲು ಹೆಚ್ಚು. ದಿನಕ್ಕೆ ಎರಡು ಸಲದಂತೆ ವರ್ಷಕ್ಕೆ ಏಳುನೂರು ಬಾರಿ ಹಿಗ್ಗಿ ಕುಗ್ಗಿದ ಕೀಲು ಸಡಿಲವಾಗುವುದು ಸಹಜವೇ. ಇದು ಅಗ್ಗದ ದುರಸ್ತಿ. ವಾಶರನ್ನೋ ಎಳೆಗೆ ಸುತ್ತುವ ಟೇಪನ್ನೋ ಬದಲಾಯಿಸಿದರೆ ಸಾಕು.

ತುಕ್ಕಿನ ಬಣ್ಣದ ನೀರು

ಬಿದ್ದ ಹನಿ ಕೆಂಪಾಗಿದ್ದು ಗೋಡೆಯ ಮೇಲೆ ಕಂದುಗೆರೆ ಮೂಡಿಸಿದರೆ ಪಾತ್ರೆಯ ಉಕ್ಕು ತಿಂದುಹೋಗುತ್ತಿದೆಯೆಂದು ಸಂಶಯಿಸಬೇಕು. ಇಲ್ಲಿ ನಮ್ಮ ಊರಿನ ನೆಲದ ಪಾತ್ರವೂ ಉಂಟು.

ಮಂಗಳೂರು ನಿಂತಿರುವುದು ಮುರಕಲ್ಲಿನ ಮೇಲೆ. ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬಾತನು, ಮಲಬಾರಿನಲ್ಲಿ ಕಂಡ ಈ ಕಲ್ಲಿಗೆ, ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಮಾತಿನಿಂದ 'ಲ್ಯಾಟರೈಟ್' ಎಂಬ ಹೆಸರನ್ನು ಕೊಟ್ಟನು. ಲಕ್ಷಾಂತರ ವರ್ಷಗಳ ಜಡಿಮಳೆಯು ಕಲ್ಲಿನಲ್ಲಿದ್ದ ಸುಣ್ಣದ ಅಂಶವನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮುಗಳ ಆಕ್ಸೈಡುಗಳನ್ನು ಹೆಚ್ಚಾಗಿ ಉಳಿಸಿದ ಕಲ್ಲು ಇದು. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲೀಯವಾಗುತ್ತದೆ. ಸುಣ್ಣವಿದ್ದರೆ ಆ ಆಮ್ಲವು ತಟಸ್ಥವಾಗುತ್ತಿತ್ತು, ಇಲ್ಲಿ ಸುಣ್ಣವಿಲ್ಲ. ಆದುದರಿಂದ ನಮ್ಮ ಅನೇಕ ಬಾವಿಗಳ ನೀರು ಮೃದುವಾಗಿದ್ದು ಸಾಬೂನು ಚೆನ್ನಾಗಿ ನೊರೆಗಟ್ಟಿದರೂ ಅದರ ಪಿಎಚ್ ಮೌಲ್ಯವು ಕುಡಿಯುವ ನೀರಿಗೆ ಭಾರತೀಯ ಮಾನಕವು ವಿಧಿಸಿದ ೬.೫ರ ಕೆಳಮಿತಿಗಿಂತ ಕೆಳಗಿಳಿದಿರುವುದುಂಟು. ಇಂಥ ನೀರು ಲೋಹವನ್ನು ತಿನ್ನುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ಗಡಸುನೀರಿನ ಸಮಸ್ಯೆಯಾದರೋ ಇದಕ್ಕೆ ವಿರುದ್ಧ: ಅಲ್ಲಿ ಸುಣ್ಣದ ಹೆಕ್ಕಳಿಕೆ ಕಾಯಿಸುವ ಸಲಾಕೆಯ ಮೇಲೆ ದಪ್ಪಗೆ ಕೂತು, ಶಾಖವನ್ನು ಹೊರಬಿಡದೆ, ಸಲಾಕೆಯನ್ನೇ ಸುಡಿಸುತ್ತದೆ. ಅಳಿವೆಯ ಸಮೀಪದ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪುನೀರು ನುಗ್ಗಿದಲ್ಲಿ ಮತ್ತೊಂದು ತೊಂದರೆ. ಉಪ್ಪಿನ ಕ್ಲೋರೈಡು ತುಕ್ಕುಹಿಡಿಯದ ಉಕ್ಕಿನಲ್ಲಿಯೂ ಸೂಜಿಮೊನೆಯಂಥ ರಂಧ್ರಗಳನ್ನು ಕೊರೆಯಬಲ್ಲದು.

ಇದರಿಂದ ಪಾತ್ರೆಯನ್ನು ರಕ್ಷಿಸುವ ಉಪಾಯವು ಇನ್ನೂರು ವರ್ಷ ಹಳೆಯದು. ೧೮೨೪ರಲ್ಲಿ ಹಂಫ್ರಿ ಡೇವಿಯು ಬ್ರಿಟಿಷ್ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಸಮುದ್ರದ ನೀರಿನಲ್ಲಿ ಸವೆಯದಂತೆ, ಅದಕ್ಕೆ ಸತು ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿ ನೋಡಿದನು. ಹೆಚ್ಚು ಸುಲಭವಾಗಿ ಕರಗುವ ಲೋಹವು ತಾನು ಸವೆದು ತಾಮ್ರವನ್ನು ಉಳಿಸಿತು. ಆದರೆ ತಾಮ್ರವು ಕರಗದೆ ಹೋದುದರಿಂದ ಅದರ ವಿಷವು ನೀರಿಗೆ ಸೇರದೆ, ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಮುತ್ತಿಕೊಂಡವು! ಹಡಗಿಗೆ ಒದಗದ ಈ ತತ್ತ್ವ ಗೀಸರಿಗೆ ಚೆನ್ನಾಗಿ ಒದಗಿದೆ. ಗಾಜಿನ ಲೇಪವಿರುವ ಉಕ್ಕಿನ ಪಾತ್ರೆಯೊಳಗೆ ಮೆಗ್ನೀಸಿಯಮ್ ಸಲಾಕೆಯೊಂದನ್ನು ಇಳಿಬಿಟ್ಟಿರುತ್ತಾರೆ. ಲೇಪದಲ್ಲಿ ಸೂಕ್ಷ್ಮ ಬಿರುಕಿದ್ದಲ್ಲಿ ಉಕ್ಕಿನ ಬದಲು ಮೆಗ್ನೀಸಿಯಮ್ ಕರಗುತ್ತದೆ.

ಈ ಸಲಾಕೆ ಎಷ್ಟು ಕಾಲ ಬಾಳುತ್ತದೆ? ಫ್ಯಾರಡೆಯ ನಿಯಮದಂತೆ ೧೦೦ ಗ್ರಾಂ ಮೆಗ್ನೀಸಿಯಮ್ ಸುಮಾರು ೨೨೦ ಆಂಪಿಯರ್-ಗಂಟೆ ವಿದ್ಯುತ್ತನ್ನು ಕೊಡಬೇಕು; ನಿಜವಾಗಿ ದೊರೆಯುವುದು ಅದರ ಅರ್ಧದಷ್ಟು. ರಕ್ಷಣೆಗೆ ೫ ಮಿಲಿಆಂಪಿಯರ್ ಪ್ರವಾಹ ಬೇಕೆಂದಿಟ್ಟುಕೊಂಡರೆ ೧೧೦ ಆಂಪಿಯರ್-ಗಂಟೆ ೨೨,೦೦೦ ಗಂಟೆಗಳಿಗೆ, ಎಂದರೆ ಎರಡೂವರೆ ವರ್ಷಗಳಿಗೆ ಸಾಕು. ಮುಂದೆ ತಿನ್ನಿಸಿಕೊಳ್ಳುವ ಸರದಿ ಪಾತ್ರೆಯದು. ಸಲಾಕೆಯನ್ನು ವರ್ಷಕ್ಕೊಮ್ಮೆ ತೆಗೆಯಿಸಿ ನೋಡಿ, ಸವೆದಿದ್ದರೆ ಬದಲಾಯಿಸುವುದು ಉಚಿತ. ಪಾತ್ರೆಯೇ ತೂತಾದ ಮೇಲೆ ಅಂಟು ಬಳಿದು ಉಳಿಸಲಾಗದು. ಒಂದೆಡೆ ತೂತಾದ ತಗಡು ಉಳಿದೆಡೆಯೂ ತೆಳುವಾಗಿರುತ್ತದೆ. ಅಂಥ ಗೀಸರನ್ನು ಕಳಚಿಬಿಡಬೇಕು.

ಕಣ್ಣಿಗೆ ಕಾಣದ ಸೋರಿಕೆ

ನೀರಿನ ಸೋರಿಕೆಯೊಡನೆ ವಿದ್ಯುತ್ತಿನ ಸೋರಿಕೆಯೂ ಇರಬಹುದು. ಕಾಯಿಸುವ ಸಲಾಕೆಯಲ್ಲಿ ತಂತಿಯು ಲೋಹದ ಕೊಳವೆಯ ನಡುವೆ ಇದ್ದು, ಸುತ್ತಲೂ ವಿದ್ಯುತ್ತನ್ನು ಹರಿಯಗೊಡದ ಮೆಗ್ನೀಸಿಯಮ್ ಆಕ್ಸೈಡಿನ ಪುಡಿ ತುಂಬಿರುತ್ತದೆ. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ನೀರು ಒಳಹೊಕ್ಕು ಪುಡಿ ಒದ್ದೆಯಾಗುತ್ತದೆ; ವಿದ್ಯುತ್ತು ನೀರಿಗೂ ಪಾತ್ರೆಗೂ ಹರಿಯುತ್ತದೆ. ನಲ್ಲಿಯನ್ನು ಮುಟ್ಟಿದಾಗ ಜುಮ್ಮೆನ್ನುವುದು ಇದರ ಲಕ್ಷಣ.

ಸಾಮಾನ್ಯ ಫ್ಯೂಸು ಇದರಿಂದ ನಮ್ಮನ್ನು ಏಕೆ ಕಾಪಾಡುವುದಿಲ್ಲ? ೨,೦೦೦ ವಾಟಿನ ಗೀಸರು ೨೩೦ ವೋಲ್ಟಿನಲ್ಲಿ ಎಳೆಯುವ ಪ್ರವಾಹ ೮.೭ ಆಂಪಿಯರ್. ಅದರ ಫ್ಯೂಸು ಅದಕ್ಕಿಂತ ಹೆಚ್ಚಿನ ಪ್ರವಾಹಕ್ಕೆ ಮಾತ್ರ ಕರಗುತ್ತದೆ. ಮನುಷ್ಯನ ಪ್ರಾಣಕ್ಕೆ ಅಪಾಯ ತರಲು ಅದರ ನೂರರಲ್ಲೊಂದು ಪಾಲಿನಷ್ಟು ಪ್ರವಾಹವೇ ಸಾಕು. ಈ ಅಲ್ಪ ಪ್ರವಾಹವನ್ನು ಹಿಡಿಯುವ ಸಾಧನ ಬೇರೆ ಇದೆ. ಹೋಗುವ ತಂತಿಯ ಪ್ರವಾಹವನ್ನೂ ಮರಳುವ ತಂತಿಯ ಪ್ರವಾಹವನ್ನೂ ಅದು ಹೋಲಿಸಿ ನೋಡುತ್ತದೆ. ವ್ಯತ್ಯಾಸವು ೩೦ ಮಿಲಿಆಂಪಿಯರ್ ಮೀರುವ ಮುನ್ನವೇ ಸಂಬಂಧವನ್ನು ಕಡಿಯುತ್ತದೆ. ಗೀಸರು ಹಾಕಿದಾಗಲೆಲ್ಲ ಈ ಸ್ವಿಚ್ಚು ಬೀಳುತ್ತಿದ್ದರೆ, ಅದನ್ನು ಬಲವಂತವಾಗಿ ಎತ್ತಿ ನಿಲ್ಲಿಸುವುದು ಕಾವಲುಗಾರನ ಬಾಯಿ ಕಟ್ಟಿದಂತೆ. ಸ್ನಾನ ಮಾಡುವವನ ಮೈ ಒದ್ದೆಯಾಗಿರುವುದರಿಂದ ದೇಹದ ತಡೆ ತಗ್ಗಿರುತ್ತದೆಂಬುದನ್ನು ನೆನೆದರೆ, ಈ ಸಾಧನವೂ ಸರಿಯಾದ ಭೂಸಂಪರ್ಕವೂ ಇಲ್ಲದ ಮನೆಯಲ್ಲಿ ಸೋರುವ ಗೀಸರನ್ನು ಒಂದು ದಿನವೂ ಉಪಯೋಗಿಸಬಾರದೆಂದು ತಿಳಿದೀತು.

ಒಂದು ಹನಿಯ ಬೆಲೆ

ಅಪಾಯವಿಲ್ಲದ ಕೀಲಿನ ಸೋರಿಕೆಯನ್ನಾದರೂ ಉಪೇಕ್ಷಿಸಬಹುದೇ? ಸೆಕೆಂಡಿಗೆ ಒಂದು ಹನಿಯಂತೆ ದಿನಕ್ಕೆ ೮೬,೪೦೦ ಹನಿಗಳು, ಎಂದರೆ ೪.೩ ಲೀಟರು, ವರ್ಷಕ್ಕೆ ೧,೫೦೦ ಲೀಟರಿಗಿಂತ ಹೆಚ್ಚು. ಆ ನೀರು ಬಿಸಿಯಾಗಿದ್ದರೆ ದಿನಕ್ಕೆ ಯೂನಿಟ್ಟಿನ ಐದನೆಯ ಒಂದು ಭಾಗದಷ್ಟು ವಿದ್ಯುತ್ತೂ ಅದರೊಡನೆ ಹರಿದುಹೋಗುತ್ತದೆ. ಮಂಗಳೂರಿನ ನಳಗಳಿಗೆ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟೆಯಿಂದ. ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಊರಿನಲ್ಲಿಯೇ ೨೦೧೬ ಮತ್ತು ೨೦೧೯ರ ಬೇಸಗೆಗಳಲ್ಲಿ ನದಿ ಬತ್ತಿ, ನೀರಿನ ಪೂರೈಕೆಯನ್ನು ಮಿತಗೊಳಿಸಬೇಕಾಯಿತು.

ಇಷ್ಟನ್ನು ತಿಳಿದ ಮೇಲೆ ಪರೀಕ್ಷೆಯ ಕ್ರಮ ಸ್ಪಷ್ಟ. ವಿದ್ಯುತ್ತನ್ನು ಆರಿಸಿರಿ. ಒರಸಿ, ಸುಣ್ಣದ ಪುಡಿಯಿಂದ ಇಬ್ಬನಿಯನ್ನು ಬೇರ್ಪಡಿಸಿರಿ. ಜುಮ್ಮೆನ್ನುವುದಾಗಲಿ, ಸ್ವಿಚ್ಚು ಬೀಳುವುದಾಗಲಿ, ಕಂದುಬಣ್ಣವಾಗಲಿ ಇಲ್ಲದಿದ್ದರೆ ಮಾತ್ರ, ಕಾಯುವಾಗಿನ ಹನಿಯನ್ನು ದೂರದಿಂದಲೇ ಲೋಟದಲ್ಲಿ ಹಿಡಿದು, ಲೆಕ್ಕದೊಡನೆ ಹೋಲಿಸಿರಿ. ತಣ್ಣಗಿದ್ದಾಗಲೂ ಬಿದ್ದರೆ ಕವಾಟ ಮುಚ್ಚಿ ನೋಡಿರಿ. ಕಂಡುದನ್ನು ವೇಳೆ ಮತ್ತು ಅಳತೆಗಳೊಡನೆ ಒಂದು ಕಾಗದದಲ್ಲಿ ಬರೆದಿಡಿರಿ. ದುರಸ್ತಿಗೆ ಬಂದವನಿಗೆ ಆ ಕಾಗದವನ್ನು ಕೊಟ್ಟರೆ ಅವನ ಕೆಲಸ ಹಗುರಾಗುತ್ತದೆ. ವಾಶರು ಬದಲಾಯಿಸಬೇಕಾದಲ್ಲಿ ಹೊಸ ಗೀಸರಿಗೆ ಹಣ ಸುರಿಯುವುದೂ, ಗೀಸರನ್ನೇ ಕಳಚಬೇಕಾದಲ್ಲಿ ವಾಶರು ಬದಲಾಯಿಸಿ ಸುಮ್ಮನಾಗುವುದೂ ತಪ್ಪುತ್ತದೆ.